ಮರೀನಾದ ಮರಳು ಬಂದುದೆಲ್ಲಿಂದ?

ಚೆನ್ನೈಗೆ ಹೋದವರು ಮರೀನಾ ನೋಡದೆ ಹಿಂದಿರುಗುವುದು ಅಪರೂಪ. ರಸ್ತೆಯಿಂದ ನೀರಿನವರೆಗೆ ಮರಳಿನಲ್ಲಿ ಕಾಲೆಳೆಯುತ್ತ ನಡೆಯುವವರಿಗೆ ಈ ಕಡಲತೀರ ಅನಾದಿಕಾಲದ್ದೆಂದೇ ತೋರುತ್ತದೆ. ಆದರೆ ಇಷ್ಟು ವಿಶಾಲವಾದ ಮರಳುಹಾಸಿಗೆ ಸುಮಾರು ಒಂದೂವರೆ ಶತಮಾನದ ವಯಸ್ಸಷ್ಟೇ.

17ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇಂಟ್ ಜಾರ್ಜ್ ಕೋಟೆ ಕಟ್ಟಿದಾಗ ಅಲೆಗಳು ಅದರ ಬುಡದ ಸಮೀಪವೇ ಬಡಿಯುತ್ತಿದ್ದವು. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಕೂಡಿಡಲು 1842ರಲ್ಲಿ ಕಟ್ಟಿದ ‘ಐಸ್ ಹೌಸ್’ ಕೂಡ ನೀರಿಗೆ ಹತ್ತಿರವಿತ್ತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡವೂ ಅದೇ. ಇಂದು ಅಲ್ಲಿಂದ ನೀರು ಮುಟ್ಟಲು ಸಾಕಷ್ಟು ನಡೆಯಬೇಕು.

ಮದ್ರಾಸಿಗೆ ಸಹಜ ಬಂದರಿರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಮಸೂಲಾ ದೋಣಿಗಳು ಜನರನ್ನೂ ಸರಕನ್ನೂ ದಡ ಸೇರಿಸುತ್ತಿದ್ದವು. ಈ ಫಜೀತಿ ತಪ್ಪಿಸಲೆಂದು 1870ರ ದಶಕದಲ್ಲಿ ಕಡಲಿನೊಳಕ್ಕೆ ಅಲೆತಡೆ ಗೋಡೆಗಳನ್ನು ಚಾಚುವ ಕೆಲಸ ಆರಂಭವಾಯಿತು. 1881ರ ಚಂಡಮಾರುತ ಅವುಗಳನ್ನು ಮುರಿದರೂ ಕೆಲಸ ನಿಲ್ಲಲಿಲ್ಲ.

ಆದರೆ ತೀರದ ಮರಳು ಒಂದೆಡೆ ನಿಲ್ಲುವಂಥದಲ್ಲ. ಈ ಕರಾವಳಿಯಲ್ಲಿ ಅಲೆಗಳು ಓರೆಯಾಗಿ ಬಂದು ವರ್ಷದ ಹೆಚ್ಚು ಕಾಲ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತವೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಅದು ಹಿಮ್ಮುಖವಾಗುತ್ತದೆ. ಆದರೂ ಲೆಕ್ಕ ಹಾಕಿದರೆ ಉತ್ತರದ ಪಾಲೇ ದೊಡ್ಡದು. ಗೋಡೆ ಅಡ್ಡ ಬಂದೊಡನೆ ಮರಳು ದಕ್ಷಿಣದಲ್ಲಿ ಶೇಖರವಾಗತೊಡಗಿತು. 1884ರಲ್ಲಿ ಗವರ್ನರ್ ಗ್ರಾಂಟ್ ಡಫ್ ಅಲ್ಲಿ ವಿಹಾರಪಥ ಮಾಡಿಸಿ ‘ಮರೀನಾ’ ಎಂದು ಹೆಸರಿಟ್ಟ. ಊರಿಗೆ ಗಾಳಿ ಸೇವನೆಯ ತಾಣವೊಂದು ದೊರಕಿತು. ಅದರ ಬೆಲೆ ತೆತ್ತವರು ಬೇರೆಯವರು.

ಬಂದರಿನ ಉತ್ತರಕ್ಕಿರುವ ರಾಯಪುರಂ ತೀರಕ್ಕೆ ಮರಳಿನ ಪೂರೈಕೆಯೇ ನಿಂತುಹೋಯಿತು. ಅಲೆಗಳು ಇದ್ದುದನ್ನು ಒಯ್ದವು, ಬದಲಿಗೆ ಏನನ್ನೂ ತರಲಿಲ್ಲ. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ಹೊರಟ ಬಡಾವಣೆ ಇದು. ಕೊರೆತ ಕ್ರಮೇಣ ಇನ್ನೂ ಉತ್ತರಕ್ಕೆ, ತಿರುವೊಟ್ಟಿಯೂರಿನ ಕಡೆಗೆ ಸರಿಯಿತು. ಕಲ್ಲು ಸುರಿದು ತಡೆಗೋಡೆ ಕಟ್ಟುವುದೇ ಮದ್ದಾಯಿತು. ಗೋಡೆ ತನ್ನ ಬೆನ್ನಿಗಿರುವ ರಸ್ತೆಯನ್ನೇನೋ ಕಾಯುತ್ತದೆ, ಕೊರೆತವನ್ನು ಮಾತ್ರ ಪಕ್ಕದ ಊರಿಗೆ ದಾಟಿಸುತ್ತದೆ. ಉಳ್ಳಾಲದ ಕಡಲ್ಕೊರೆತವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಿಷ್ಟೂ ಮನುಷ್ಯ ಕಟ್ಟಿದ ಗೋಡೆಯ ಕರಾಮತ್ತು. ಸಮುದ್ರಮಟ್ಟದ ಏರಿಕೆಯ ಲೆಕ್ಕ ಇದರ ಮೇಲಿನದು. ಭೂಮಿ ಬಿಸಿಯಾದಂತೆ ಕಡಲಿನ ನೀರು ಹಿಗ್ಗುತ್ತದೆ, ನೆಲದ ಮೇಲಿನ ಹಿಮ ಕರಗಿ ಅದಕ್ಕೆ ಸೇರುತ್ತದೆ. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 1971ಕ್ಕೆ ಮುಂಚಿನ ಏಳು ದಶಕಗಳಲ್ಲಿ ವರ್ಷಕ್ಕೆ 1.3 ಮಿಲಿಮೀಟರ್ ಇದ್ದ ವೇಗ 2006–2018ರ ಅವಧಿಯಲ್ಲಿ 3.7ಕ್ಕೆ ಮುಟ್ಟಿತು. ಮಿಲಿಮೀಟರ್ ಎಂದರೆ ನಗು ಬರಬಹುದು. ಆದರೆ ಇಳಿಜಾರು ಕಡಿಮೆಯಿರುವ ತೀರದಲ್ಲಿ ನೀರು ಒಂದು ಗೇಣು ಮೇಲೇರಿದರೆ ಹಲವು ಮಾರು ಒಳನುಗ್ಗುತ್ತದೆ. ಅಗಲವಾದ ಮರಳುಹಾಸು ಅಲೆಯ ರಭಸವನ್ನು ಹೀರಿಕೊಳ್ಳುತ್ತದೆ. ಮರೀನಾಕ್ಕೆ ಆ ಸವಲತ್ತಿದೆ.

ಉತ್ತರದ ಮೀನುಗಾರರಿಗೆ ಮರಳೆಂದರೆ ಕಸುಬಿನ ಅಂಗಳ. ದೋಣಿ ಎಳೆದು ನಿಲ್ಲಿಸುವುದು, ಬಲೆ ಹರಡಿ ರಿಪೇರಿ ಮಾಡುವುದು, ಮೀನು ಒಣಗಿಸುವುದು ಎಲ್ಲವೂ ಅದರ ಮೇಲೆಯೇ. ಕಲ್ಲಿನ ರಾಶಿಯ ಮೇಲೆ ದೋಣಿ ಎಳೆಯಲಾಗುವುದಿಲ್ಲ.