ಬಾಗಿಲ ಪಕ್ಕದ ಫಲಕ: ಉಬ್ಬಕ್ಷರಗಳ ಸ್ಥಾನನಿಯಮದ ಇತಿಹಾಸ

ಅಂಗಡಿ, ಹೋಟೆಲು, ಕಚೇರಿಗಳ ಕೊಠಡಿಗಳಿಗೆ ಹಾಕುವ ಫಲಕವೆಂದೊಡನೆ ಅದರ ಬರಹದತ್ತ ನಮ್ಮ ಗಮನ ಹರಿಯುವುದು ಸಹಜ. ಅದನ್ನು ಎಲ್ಲಿ ಕೂಡಿಸಬೇಕೆಂಬ ಪ್ರಶ್ನೆ ಅಲ್ಪವೆಂದೇ ತೋರುತ್ತದೆ. ಆದರೆ ಕಣ್ಣುಳ್ಳವರು ಫಲಕವನ್ನು ದೂರದಿಂದಲೇ ಕಾಣುವರು; ಅಂಧರಾದರೋ ಅದನ್ನು ಕೈಯಿಂದ ಹುಡುಕಬೇಕು. ಹುಡುಕಬೇಕಾದ ಎಡೆ ಮೊದಲೇ ತಿಳಿದಿರದಿದ್ದರೆ ಉಬ್ಬಕ್ಷರಗಳು ಇದ್ದೂ ಇಲ್ಲದಂತೆ. ಆದುದರಿಂದ ಇಂತಹ ಫಲಕದ ಸ್ಥಾನವು ಅದರ ಬರಹದ ಒಂದು ಅಂಗವೇ ಎಂಬುದು ನಮ್ಮ ಅಭಿಪ್ರಾಯ. ಈ ವಿಷಯದ ನಿಯಮಗಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದುಬಂದ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

ಅಲ್ಲಿ 1961ರಲ್ಲಿ ಪ್ರಕಟವಾದ ಎ117.1 ಎಂಬ ಮಾನಕವೇ ಈ ಪರಂಪರೆಯ ಆದಿ. ಇಲಿನಾಯ್ ವಿಶ್ವವಿದ್ಯಾನಿಲಯದ ತಿಮೊಥಿ ನ್ಯೂಜೆಂಟರು ಅದರ ಹಿಂದಿನ ಸಂಶೋಧನೆಯನ್ನು ನಡೆಸಿದವರು. ಕೊಠಡಿಗಳ ಗುರುತಿಗೆ ಉಬ್ಬಿದ ಅಕ್ಷರ ಅಥವಾ ಅಂಕಿಗಳಿರಬೇಕೆಂದೂ, ಅವು ಬಾಗಿಲಿನ ಎಡ ಅಥವಾ ಬಲ ಪಕ್ಕದ ಗೋಡೆಯ ಮೇಲೆ ನೆಲದಿಂದ 4 ಅಡಿ 6 ಅಂಗುಲ ಮೊದಲ್ಗೊಂಡು 5 ಅಡಿ 6 ಅಂಗುಲದವರೆಗಿನ ಎತ್ತರದಲ್ಲಿರಬೇಕೆಂದೂ ಅದು ಸೂಚಿಸಿತು. ಚಲಿಸುವ ಕದಕ್ಕೆ ಬದಲಾಗಿ ನಿಶ್ಚಲವಾದ ಗೋಡೆಯನ್ನು ಆರಿಸಿದುದು ಗಮನಾರ್ಹ. ಆದರೆ ಎಡವೋ ಬಲವೋ ಎಂಬ ಸಂದೇಹ ಉಳಿದೇ ಇತ್ತು.

1968ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿನಿ ಸುಸಾನ್ನೆ ಕೋಫೋಡ್ ರಚಿಸಿದ ಗಾಲಿಕುರ್ಚಿಯ ಚಿಹ್ನೆಯು, ತಲೆಯ ವೃತ್ತವನ್ನು ಸೇರಿಸಿದ ರೂಪದಲ್ಲಿ, 1969ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಅದು ಲೋಕಕ್ಕೆಲ್ಲ ಪರಿಚಿತವಾಯಿತಾದರೂ ಕಣ್ಣಿಗೆ ಮಾತ್ರ ಗೋಚರಿಸುವ ಸಂಕೇತವಾದುದರಿಂದ ಕೈಯ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ.

1990ರ ಜುಲೈ 26ರಂದು ಅಂಗೀಕೃತವಾದ ಕಾಯಿದೆಯು ಖಾಸಗಿ ವ್ಯಾಪಾರಸ್ಥಳಗಳನ್ನೂ ತನ್ನ ವ್ಯಾಪ್ತಿಗೆ ತಂದಿತು. ಅದರ 1991ರ ಮಾನಕಗಳು ಹಳೆಯ ಸಂದೇಹವನ್ನು ಪರಿಹರಿಸಿದುವು: ಫಲಕವು ಬಾಗಿಲಿನ ಚಿಲಕದ ಪಕ್ಕದ ಗೋಡೆಯಲ್ಲಿರಬೇಕು, ಅಲ್ಲಿ ಎಡೆಯಿಲ್ಲದಿದ್ದರೆ ಅತಿ ಸಮೀಪದ ಗೋಡೆಯಲ್ಲಿರಬೇಕು, ಫಲಕದ ಮಧ್ಯರೇಖೆ ನೆಲದಿಂದ 60 ಅಂಗುಲ ಎತ್ತರದಲ್ಲಿರಬೇಕು. ಓದುವವರು ಕದ ತೆರೆದುಕೊಳ್ಳುವ ಹಾದಿಯಲ್ಲಿ ನಿಲ್ಲದೆ ಫಲಕಕ್ಕೆ 3 ಅಂಗುಲದಷ್ಟು ಹತ್ತಿರ ಬರುವಂತಿರಬೇಕು. ಈ ಕೊನೆಯ ಮಾತಿನಲ್ಲೇ ನಿಯಮದ ಮರ್ಮವಿದೆ. ಬೆರಳಿನಿಂದ ಓದುವವರು ಬಾಗಿಲಿಗೆ ಅತಿ ನಿಕಟವಾಗಿ ನಿಂತಿರುತ್ತಾರೆ. ಒಳಗಿನಿಂದ ಯಾರಾದರೂ ಕದವನ್ನು ಥಟ್ಟನೆ ನೂಕಿದರೆ ಪೆಟ್ಟು ಅವರಿಗೇ.

2010ರ ಪರಿಷ್ಕೃತ ಮಾನಕಗಳು ಎತ್ತರದ ಅಳತೆಯನ್ನು ಫಲಕದಿಂದ ಅಕ್ಷರಕ್ಕೆ ವರ್ಗಾಯಿಸಿದುವು. ಅತಿ ಕೆಳಗಿನ ಉಬ್ಬಕ್ಷರದ ಪಾದರೇಖೆ 48 ಅಂಗುಲಕ್ಕಿಂತ ಕೆಳಗಿರಬಾರದು. ಅತಿ ಮೇಲಿನದು 60 ಅಂಗುಲವನ್ನು ಮೀರಬಾರದು. ಅಕ್ಷರಗಳಿಗೆ ನೇರವಾಗಿ ನೆಲದ ಮೇಲೆ 18 ಅಂಗುಲ ಚೌಕದ ತೆರವೂ ವಿಹಿತವಾಯಿತು. ಫಲಕದ ಗಾತ್ರ ಎಷ್ಟೇ ಇರಲಿ, ಬೆರಳು ಅರಸುವುದು ಅಕ್ಷರವನ್ನು. ಈ ತಿಳಿವಳಿಕೆಯೇ ಬದಲಾವಣೆಗೆ ಕಾರಣವಾಗಿರಬೇಕೆಂದು ನಾವು ಊಹಿಸುವೆವು.

ನಮ್ಮಲ್ಲಿ 1951ರಲ್ಲೇ ಭಾರತೀ ಬ್ರೈಲ್ ರೂಪುಗೊಂಡು ಕನ್ನಡವನ್ನೂ ಬೆರಳಿನಿಂದ ಓದಲು ದಾರಿಯಾಯಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಖಾಸಗಿ ಸಂಸ್ಥೆಗಳನ್ನೂ ಒಳಗೊಂಡಿದೆ. ಲಿಪಿಯಿದೆ, ಕಾನೂನೂ ಇದೆ. ಆದರೆ ಫಲಕವನ್ನು ಗೋಡೆಗೆ ಕೂಡಿಸುವವರು ಬಹುಮಟ್ಟಿಗೆ ಕಣ್ಣುಳ್ಳವರು. ನೋಟಕ್ಕೆ ಒಪ್ಪುವ ಎಡೆಯನ್ನೇ ಅವರು ಆರಿಸುವ ಸಂಭವವಿದೆ. ಮೊಳೆ ಹೊಡೆಯುವ ಮೊದಲು ಕಣ್ಣು ಮುಚ್ಚಿ ಗೋಡೆಯನ್ನು ಒಮ್ಮೆ ತಡವಿ ನೋಡಬೇಕೆಂಬುದೇ ಈ ಇತಿಹಾಸದಿಂದ ದೊರೆಯುವ ಪಾಠ.