ಓಲೆಯ ಕಟ್ಟು, ಕಾಗದದ ಹೊಲಿಗೆ



ಅಡ್ಯಾರ್ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಥಿಯಸಾಫಿಕಲ್ ಸೊಸೈಟಿಯ ದೊಡ್ಡ ಆಲದಮರ. ಅದೇ ಆವರಣದಲ್ಲಿ ಕರ್ನಲ್ ಆಲ್ಕಾಟ್ 1886ರಲ್ಲಿ ಆರಂಭಿಸಿದ ಅಡ್ಯಾರ್ ಗ್ರಂಥಾಲಯವೂ ಇದೆ. ಅಲ್ಲಿ ಸಾವಿರಾರು ತಾಳೆಗರಿ ಗ್ರಂಥಗಳಿವೆ. ಪುಸ್ತಕ ಕಟ್ಟುವ ಕಥೆಯನ್ನು ಅಲ್ಲಿಂದಲೇ ಶುರು ಮಾಡೋಣ.

ತಾಳೆಗರಿಗೆ ಅಂಟೂ ಇಲ್ಲ, ಹೊಲಿಗೆಯೂ ಇಲ್ಲ. ಗರಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದೋ ಎರಡೋ ತೂತು ಕೊರೆದು, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು ಸುತ್ತಿ ಬಿಗಿದರೆ ಆಯಿತು. ಅದಕ್ಕೇ ಅದು 'ಓಲೆಕಟ್ಟು'. ಬೇಕೆಂದಾಗ ಬಿಚ್ಚಬಹುದು, ಮತ್ತೆ ಕಟ್ಟಬಹುದು. ದಾರ ಹರಿದು ಗರಿಗಳು ಕಲೆಸಿಹೋದರೆ ಅಂಚಿನಲ್ಲಿ ಬರೆದ ಸಂಖ್ಯೆಯೇ ಗತಿ. ಆ ಅಂಚನ್ನೇ ಹುಳು ತಿಂದಿದ್ದರೆ ಸಂಪಾದಕರ ಪಾಡು ಯಾರಿಗೂ ಬೇಡ!

ಕನ್ನಡನಾಡಿನಲ್ಲಿ ಇನ್ನೊಂದು ಬಗೆ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಹಿಂದೆಮುಂದೆ ಮಡಿಕೆ ಹಾಕಿ, ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಸರ್ಕಾರಿ ಕಚೇರಿಯಲ್ಲಿ ಧೂಳು ತಿನ್ನುವ 'ಕಡತ'ಕ್ಕೂ ಇದೇ ಹೆಸರು.

ಮುದ್ರಣ ಬಂದ ಮೇಲೆ ಕಟ್ಟು ಹೋಗಿ ಹೊಲಿಗೆ ಬಂತು. ಅಡ್ಯಾರಿನಲ್ಲೇ 1908ರಲ್ಲಿ ವಸಂತ ಪ್ರೆಸ್ ಆರಂಭವಾಯಿತು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಫಾರಮುಗಳನ್ನು ಮಡಿಕೆಯ ನಡುವೆ ದಾರ ಹಾಯಿಸಿ ಒಂದಕ್ಕೊಂದು ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕೂರಿಸಿ, ಕ್ಯಾಲಿಕೊ ಬಟ್ಟೆ ಹೊದಿಸುತ್ತಾರೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವುದು ಹುಳುವಿನ ಭಯಕ್ಕೆ. ಇಂಥ ಪುಸ್ತಕ ಪೂರ್ತಿ ತೆರೆದುಕೊಳ್ಳುತ್ತದೆ; ಹಳತಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಈಗಿನ ಬಹುಪಾಲು ಪುಸ್ತಕಗಳಿಗೆ ಮಡಿಕೆಯನ್ನೇ ಕತ್ತರಿಸಿ ಬರೀ ಬಿಸಿ ಅಂಟು ಹಾಕುತ್ತಾರೆ. ಅಗ್ಗ, ಬೇಗ ಆಗುತ್ತದೆ, ನಿಜ. ಅಂಟು ಒಣಗಿ ಬಿರಿದ ದಿನ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ.

ಊರಿನಿಂದ ತಂದ ಅಜ್ಜನ ಕಾಲದ ಗದುಗಿನ ಭಾರತ ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ. ಹಳದಿಯಾಗಿ ಅಕ್ಷರವನ್ನೂ ಕೆಡಿಸುತ್ತದೆ. ಬೈಂಡರಿಗೆ ಕೊಡುವಾಗ ಅಂಚು ಕತ್ತರಿಸಬೇಡಿ ಎಂದು ಮೊದಲೇ ಹೇಳಿ. ಅಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಅರ್ಥಗಳಿರುತ್ತವೆ. ಮೊದಲ ಹಾಳೆಯಲ್ಲಿ ಅಜ್ಜನ ಸಹಿ, ಕೊಂಡ ತಾರೀಖು ಇದ್ದರೆ ಅದನ್ನೂ ಸೇರಿಸಿಯೇ ಹೊಲಿಯಲಿ.