ಹೃದಯದೊಳಗೆ ಉಳಿದ ರೇಷ್ಮೆ ಎಳೆ

1947ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಆರ್ಥರ್ ವೂರ್ಹೀಸ್ ಎಂಬ ತರುಣ ವೈದ್ಯರ ಕೈ ಒಮ್ಮೆ ತಪ್ಪಿತು. ನಾಯಿಯೊಂದರ ಹೃದಯಕ್ಕೆ ಹಾಕಿದ ರೇಷ್ಮೆ ದಾರದ ಎಳೆಯೊಂದು ಹೃತ್ಕುಕ್ಷಿಯೊಳಗೇ ಅಡ್ಡವಾಗಿ ಉಳಿದುಬಿಟ್ಟಿತು. ತಿಂಗಳುಗಳ ನಂತರ ಆ ಹೃದಯವನ್ನು ಬಿಡಿಸಿ ನೋಡಿದಾಗ ದಾರ ಅಲ್ಲೇ ಇತ್ತು. ಆದರೆ ಅದರ ಉದ್ದಕ್ಕೂ ನುಣುಪಾದ, ಹೊಳೆಯುವ ಪೊರೆ ಬೆಳೆದಿತ್ತು. ಹೃದಯದ ಒಳಗೋಡೆಗೆ ಇರುವಂಥದೇ ಪೊರೆ.

ದಾರಕ್ಕೆ ಪೊರೆ ಹೊದಿಸುವ ದೇಹ ಬಟ್ಟೆಗೂ ಹೊದಿಸಲಾರದೆ? ವೂರ್ಹೀಸ್ ರೇಷ್ಮೆ ಕರವಸ್ತ್ರದಿಂದ ನಳಿಗೆ ಹೊಲಿದು ನಾಯಿಯ ಮಹಾಧಮನಿಗೆ ಜೋಡಿಸಿ ನೋಡಿದರು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಳಿಕ ಪ್ಯಾರಾಚೂಟ್ ಬಟ್ಟೆಯಾದ ವಿನ್ಯಾನ್-ಎನ್ ಕೈಗೆ ಬಂತು, ಅದು ನಿಂತಿತು. ಮಹಾಧಮನಿ ಬಲೂನಿನಂತೆ ಉಬ್ಬಿ ಒಡೆದರೆ ಸಾವೇ ಗತಿ ಎಂಬಂತಿದ್ದ ಕಾಲವದು. ಸತ್ತವರ ದೇಹದಿಂದ ತೆಗೆದ ನಾಳಗಳನ್ನು ಜೋಡಿಸುತ್ತಿದ್ದರಾದರೂ ಅವು ಬೇಕೆಂದಾಗ ಸಿಗುತ್ತಿರಲಿಲ್ಲ. 1952ರಲ್ಲಿ ನಾಯಿಗಳ ಮೇಲಿನ ಪ್ರಯೋಗದ ವರದಿ, 1954ರಲ್ಲಿ 18 ರೋಗಿಗಳ ವರದಿ ಪ್ರಕಟವಾದವು. ಅದೇ ದಶಕದಲ್ಲಿ ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ, ಅಂಗಡಿಯಲ್ಲಿ ನೈಲಾನ್ ಸಿಗದೆ ಡೆಕ್ರಾನ್ ಕೊಂಡು ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ನಳಿಗೆ ಹೊಲಿದರು. ಡೆಕ್ರಾನ್ ನಾಳಗಳು ಇಂದಿಗೂ ಬಳಕೆಯಲ್ಲಿವೆ.

ಆದರೆ ನಾಯಿಯ ದೇಹ ಮಾಡಿದ್ದನ್ನೆಲ್ಲ ಮನುಷ್ಯನ ದೇಹ ಮಾಡಬೇಕೆಂದಿಲ್ಲವಲ್ಲ. ಮನುಷ್ಯರಲ್ಲಿ ಈ ಪೊರೆ ಹೊಲಿಗೆಯ ಅಂಚಿನಿಂದ ಒಂದೆರಡು ಸೆಂಟಿಮೀಟರ್ ಹಬ್ಬಿ ನಿಂತುಬಿಡುತ್ತಿತ್ತು. ಅಗಲದ ನಾಳಗಳಲ್ಲಿ ಇದರಿಂದ ತೊಂದರೆಯಿರಲಿಲ್ಲ. 6 ಮಿಲಿಮೀಟರಿಗಿಂತ ಕಿರಿದಾದ ನಳಿಗೆಗಳಲ್ಲಿ ಮಾತ್ರ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತಿತ್ತು. ಮೊಣಕಾಲಿನ ಕೆಳಗಿನ ನಾಳಗಳು ಕಟ್ಟಿಹೋದವರಿಗೆ, ಹೊಲಿಯಲು ತಮ್ಮದೇ ಒಳ್ಳೆಯ ನಾಳವೂ ಇಲ್ಲದಿದ್ದರೆ, ಎಷ್ಟೋ ಸಲ ಉಳಿಯುತ್ತಿದ್ದುದು ಕಾಲು ಕತ್ತರಿಸುವ ದಾರಿಯೊಂದೇ.

ನಾಳವನ್ನು ಹೊಲಿಯುವ ಬದಲು ಬೆಳೆಸಬಹುದೇ ಎಂಬ ಯೋಚನೆಗೆ ದಾರಿ ತೋರಿಸಿದ್ದು ಕ್ಯಾನ್ಸರ್ ಗಡ್ಡೆ. ಗಡ್ಡೆಯು ರಾಸಾಯನಿಕ ಸಂದೇಶ ಕಳಿಸಿ ತನ್ನತ್ತ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ ಎಂದು ಬೋಸ್ಟನ್ನಿನ ಜೂಡಾ ಫೋಕ್‌ಮನ್ 1971ರಲ್ಲಿ ಬರೆದಾಗ ನಂಬಿದವರು ಕಡಿಮೆ. 1976ರಲ್ಲಿ ಅವರೂ ರಾಬರ್ಟ್ ಲ್ಯಾಂಗರ್ ಅವರೂ ಪ್ಲಾಸ್ಟಿಕ್ ತುಣುಕಿನಿಂದ ಪ್ರೋಟೀನ್ ಮೆಲ್ಲಮೆಲ್ಲನೆ ಜಿನುಗುವಂತೆ ಮಾಡಬಹುದೆಂದು ತೋರಿಸಿದರು. ಸಂದೇಶ ಒಯ್ಯುವ ವಿಇಜಿಎಫ್ ಎಂಬ ಪ್ರೋಟೀನಿನ ಗುರುತು 1989ರಲ್ಲಿ ಸಿಕ್ಕಿತು. ರಕ್ತ ಸಾಲದ ಹೃದಯಕ್ಕೆ ಇದನ್ನೇ ಕೊಟ್ಟರೆ ಆಯಿತಲ್ಲ ಎಂದುಕೊಂಡವರಿಗೆ ನಿರಾಶೆ ಕಾದಿತ್ತು. ರಕ್ತಕ್ಕೆ ಸೇರಿದ ಪ್ರೋಟೀನ್ ಬೇಗ ಮಾಯವಾಗುತ್ತದೆ. ಆ ಒಂದೇ ಸಂದೇಶ ಕೇಳಿ ಹುಟ್ಟಿದ ನಾಳಗಳೂ ಬಲಹೀನ, ಸೋರುವಂಥವು.

ಪ್ರೋಟೀನ್ ಸೋತ ಕಡೆ ಜೀವಕೋಶ ಗೆಲ್ಲಬಹುದೆಂಬ ಭರವಸೆ ಹುಟ್ಟಿದ್ದು 1997ರಲ್ಲಿ. ವಯಸ್ಕರ ರಕ್ತದಲ್ಲೇ ನಾಳದ ಒಳಪದರವಾಗಬಲ್ಲ ಮೂಲಕೋಶಗಳಿವೆ ಎಂದು ತಕಾಯುಕಿ ಅಸಹಾರ ಮತ್ತು ಸಂಗಡಿಗರು ಪ್ರಕಟಿಸಿದರು. 2001ರಲ್ಲಿ ಟೋಕಿಯೋದ ತೋಶಿಹಾರು ಶಿನೋಕಾ ಅವರ ತಂಡ, ನಾಲ್ಕು ವರ್ಷದ ಹುಡುಗಿಯೊಬ್ಬಳ ಕತೆಯನ್ನು ವರದಿ ಮಾಡಿತು. ಅವಳ ಶ್ವಾಸಕೋಶದ ನಾಳದ ಜಾಗದಲ್ಲಿ ಇಟ್ಟದ್ದು, ಅವಳದೇ ಜೀವಕೋಶಗಳನ್ನು ಬಿತ್ತಿದ, ಕಾಲಕ್ರಮೇಣ ಕರಗಿಹೋಗುವ ನಳಿಗೆ. ಮುಂದಿನ ಮಕ್ಕಳಿಗೆ ಅಸ್ಥಿಮಜ್ಜೆಯ ಕೋಶಗಳನ್ನು ಬಿತ್ತಲಾಯಿತು. ಬಿತ್ತಿದ್ದೇ ನಾಳವಾಗುತ್ತದೆ ಎಂದು ಎಲ್ಲರೂ ಭಾವಿಸಿದ್ದರು. 2010ರಲ್ಲಿ ಇಲಿಗಳ ಮೇಲಿನ ಅಧ್ಯಯನ ಬೇರೆಯೇ ಹೇಳಿತು: ಬಿತ್ತಿದ ಕೋಶಗಳು ಕೆಲವೇ ದಿನಗಳಲ್ಲಿ ಕಾಣೆಯಾಗಿದ್ದವು. ಅವು ಸಂದೇಶ ಕೊಟ್ಟು ಹೋಗಿದ್ದವು; ಗೋಡೆ ಕಟ್ಟಿದ್ದು ಇಲಿಯ ದೇಹವೇ.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಔಷಧಿಯ ಹಿಂದೆಯೂ ಇದೇ ತತ್ವವಿದೆ. ಬೀಡಿ, ಸಿಗರೇಟು ಸೇದುವವರನ್ನೇ ಹೆಚ್ಚಾಗಿ ಹಿಡಿಯುವ ಬ್ಯೂರ್ಗರ್ ಕಾಯಿಲೆಯಲ್ಲಿ ಕಾಲಿನ ಸಣ್ಣ ನಾಳಗಳು ಮುಚ್ಚಿ ಬೆರಳುಗಳು ಕಪ್ಪಾಗುತ್ತವೆ, ನೋವಿಗೆ ರಾತ್ರಿ ನಿದ್ದೆಯಿಲ್ಲ. ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಆಕರ ಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಮೀನಖಂಡಕ್ಕೆ ಚುಚ್ಚುವ ಚಿಕಿತ್ಸೆಗೆ ಭಾರತದ ಔಷಧ ನಿಯಂತ್ರಕರು 2016ರಲ್ಲಿ ಸೀಮಿತ ಒಪ್ಪಿಗೆ ಕೊಟ್ಟರು, 2020ರಲ್ಲಿ ಅದನ್ನು ವಿಸ್ತರಿಸಿದರು. ಹುಣ್ಣು ಮಾಯಲು, ನೋವು ತಗ್ಗಲು ಅದು ನೆರವಾಗುತ್ತದೆ. ಬೀಡಿ ಬಿಡದವನಿಗೆ ಯಾವ ಕೋಶವೂ ಹೆಚ್ಚು ದಿನ ಕಾವಲು ಕಾಯದು ಎಂಬುದು ಬೇರೆ ಮಾತು.

ಅಮೆರಿಕದಲ್ಲಿ ಲಾರಾ ನಿಕಲ್ಸನ್ 1999ರಿಂದ ಹಿಡಿದ ಹಾದಿ ಇನ್ನೂ ವಿಚಿತ್ರ. ಕರಗುವ ಜಾಲರಿಯ ಮೇಲೆ ಮನುಷ್ಯರ ಸ್ನಾಯುಕೋಶಗಳನ್ನು ಬೆಳೆಸಿ, ಅವು ನೆಯ್ದ ನಳಿಗೆಯನ್ನು ಇಟ್ಟುಕೊಂಡು ಕೋಶಗಳನ್ನೆಲ್ಲ ತೊಳೆದುಬಿಡುತ್ತಾರೆ. ಕೈಕಾಲಿನ ಧಮನಿಗೆ ಪೆಟ್ಟಾದವರಿಗೆ ಇದನ್ನು ಬಳಸಲು 2024ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ಇಲಾಖೆ ಅನುಮತಿ ನೀಡಿತು. ಅದಕ್ಕೂ ಮುಂಚೆ ಇಂಥ ನಳಿಗೆ ಹಾಕಿಸಿಕೊಂಡಿದ್ದ ರೋಗಿಗಳಿಂದ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದರು. ಖಾಲಿಯಾಗಿ ಒಳಹೋದ ಗೋಡೆಯಲ್ಲಿ ಆಯಾ ರೋಗಿಯದೇ ಜೀವಕೋಶಗಳು ಬಂದು ನೆಲೆಸಿದ್ದವು.